ಕಣ್ಣೀರಿಗೆ ಸ್ಟೋಯಿಕರ ಅಡ್ಡಿಯಿಲ್ಲ

ನಲವತ್ತರ ಆಸುಪಾಸಿನ ಮಹಿಳೆ. ಎದೆ ಬಿಗಿಯುತ್ತದೆ, ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ, ಮಗನ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ ಎಂದು ಬಂದಿದ್ದರು. ಹೃದಯದ ಪರೀಕ್ಷೆಗಳಲ್ಲಿ ಏನೂ ಕಾಣದ್ದರಿಂದ ವೈದ್ಯರು ಮನೋಚಿಕಿತ್ಸೆ ಮಾಡುವ ನನ್ನ ಬಳಿ ಕಳಿಸಿದ್ದರು. ಐದು ತಿಂಗಳ ಹಿಂದೆ ಅವರ ಅಕ್ಕ ಹೃದಯಾಘಾತದಿಂದ ತೀರಿಕೊಂಡಿದ್ದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ.)

ಅಕ್ಕನ ಮಾತು ಬಂದಾಗಲೂ ಅವರ ದನಿ ಸ್ವಲ್ಪವೂ ಕದಲಲಿಲ್ಲ. "ನಾನು ಅತ್ತಿಲ್ಲ ಮೇಡಂ. ಸ್ಟೋಯಿಕ್ ತತ್ವ ಓದ್ತಾ ಇದೀನಿ. ಸಾವು ನಮ್ಮ ಕೈಲಿಲ್ಲ. ಕೈಲಿಲ್ಲದ್ದಕ್ಕೆ ಅಳೋದು ದೌರ್ಬಲ್ಯ ಅಲ್ವಾ?" ಎಂದರು. ಮೊಬೈಲಿನಲ್ಲಿ ಅಂಥ ಮಾತುಗಳನ್ನು ಉಳಿಸಿಟ್ಟುಕೊಂಡು ದಿನಾ ಬೆಳಿಗ್ಗೆ ಓದುತ್ತಿದ್ದರು.

ಪ್ರಾಚೀನ ಗ್ರೀಸಿನಲ್ಲಿ ಹುಟ್ಟಿ ರೋಮಿನಲ್ಲಿ ಬೆಳೆದ ಈ ತತ್ವದ ಮೇಲೆ ನನಗೆ ಬಹಳ ಗೌರವವಿದೆ. ನಮ್ಮನ್ನು ಕಲಕುವುದು ಘಟನೆಯಲ್ಲ, ಅದರ ಬಗ್ಗೆ ನಾವು ಕೊಟ್ಟುಕೊಳ್ಳುವ ತೀರ್ಪು ಎಂಬ ಸ್ಟೋಯಿಕ್ ಗುರು ಎಪಿಕ್ಟೆಟಸ್‌ನ ಮಾತನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್ 1950ರ ದಶಕದಲ್ಲಿ ರೂಪಿಸಿದ ಮನೋಚಿಕಿತ್ಸೆಗೆ ತಳಹದಿ ಮಾಡಿಕೊಂಡರು. ತಮ್ಮ ಚಿಕಿತ್ಸೆಯ ತಾತ್ವಿಕ ಬೇರು ಸ್ಟೋಯಿಕರಲ್ಲಿದೆ ಎಂದು ಅಮೆರಿಕದ ಮನೋವೈದ್ಯ ಆರನ್ ಬೆಕ್ ಕೂಡ ಬರೆದಿದ್ದಾರೆ. ನಾನು ದಿನವೂ ಬಳಸುವ ವಿಧಾನ ಅಲ್ಲಿಂದಲೇ ಬಂದದ್ದು. ಅದನ್ನೇ ದುಃಖ ಅದುಮಿಡಲು ಬಳಸುವುದನ್ನು ಕಂಡಾಗ ಸಂಕಟವಾಗುತ್ತದೆ. ಇತ್ತೀಚೆಗೆ ಹಾಗೆ ಬಳಸುವವರು ನನ್ನ ಬಳಿ ಹೆಚ್ಚು ಬರುತ್ತಿದ್ದಾರೆ.

ಹಾಗಾಗಿ ಈ ಮಹಿಳೆ ನಂಬಿದ ತತ್ವದ ಒಳಗಿನಿಂದಲೇ ಮಾತು ತೆಗೆದೆ. ಔಲಸ್ ಗೆಲ್ಲಿಯಸ್ ಎಂಬ ಎರಡನೆಯ ಶತಮಾನದ ರೋಮನ್ ಲೇಖಕ ಒಂದು ಪ್ರಸಂಗ ಬರೆದಿಟ್ಟಿದ್ದಾನೆ. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಹೆಸರಾಂತ ಸ್ಟೋಯಿಕ್ ಗುರುವೊಬ್ಬನಿದ್ದ. ಅವನು ಗೋಳಾಡಲಿಲ್ಲ, ಆದರೆ ಅವನ ಮುಖ ಮಾತ್ರ ಉಳಿದವರಂತೆಯೇ ಬಿಳಿಚಿಕೊಂಡಿತ್ತು. ಗಾಳಿ ತಣಿದ ಮೇಲೆ ಇದೇಕೆ ಹೀಗೆ ಎಂದು ಕೇಳಿದರೆ, ತನ್ನ ಗಂಟಿನಿಂದ ಎಪಿಕ್ಟೆಟಸ್‌ನ ಪ್ರವಚನಗಳ ಪುಸ್ತಕ ತೆಗೆದು ತೋರಿಸಿದ. ಅದರಲ್ಲಿದ್ದ ಮಾತು ಇದು: ಮೊದಲ ನಡುಕ ಜ್ಞಾನಿಗೂ ತಪ್ಪದು, ಅದು ಕೇಳಿ ಬರುವಂಥದ್ದಲ್ಲ. ಆ ನಡುಕ ಹೇಳುವ ಮಾತಿಗೆ ಒಪ್ಪಿಗೆ ಕೊಡಬೇಕೋ ಬೇಡವೋ ಎಂಬಷ್ಟೇ ನಮ್ಮ ಪಾಲಿನದು. ರೋಮಿನ ಸ್ಟೋಯಿಕ್ ಚಿಂತಕ ಸೆನೆಕಾ ಇನ್ನೂ ನೇರ. ಗೆಳೆಯ ಸೆರೆನಸ್ ಸತ್ತಾಗ ತಾನು ಮಿತಿಮೀರಿ ಅತ್ತೆನೆಂದು ಲ್ಯೂಸಿಲಿಯಸ್ ಎಂಬ ಇನ್ನೊಬ್ಬ ಗೆಳೆಯನಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ.

"ಹಾಗಾದ್ರೆ ಅಳಬಹುದಾ?" ಎಂದು ಕೇಳಿದರು. ಅಂದು ಅಳಲಿಲ್ಲ. ಮುಂದಿನ ಭೇಟಿಯಲ್ಲಿ, ಯಾರಿಗೂ ಹೇಳದ ಒಂದು ಸಂಗತಿಯನ್ನು ಹೇಳುತ್ತಾ ಅತ್ತರು. ತೀರಿಕೊಂಡ ದಿನ ಸಂಜೆ ಅಕ್ಕ ಫೋನ್ ಮಾಡಿ ಎದೆ ಉರಿಯುತ್ತಿದೆ ಎಂದಿದ್ದರಂತೆ. ಇವರು, "ಗ್ಯಾಸ್ ಆಗಿರಬೇಕು, ಮಾತ್ರೆ ತಗೋ" ಎಂದಿದ್ದರು. ಅಷ್ಟು ದಿನ ಅವರು ಹೆದರಿದ್ದು ಅಳುವಿಗಲ್ಲ, ಅಳು ಶುರುವಾದರೆ ಈ ಮಾತು ಹೊರಬರುತ್ತದೆಂದು.

ನಿಮ್ಮದೇನೂ ತಪ್ಪಿಲ್ಲ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ನಂಬುತ್ತಲೂ ಇರಲಿಲ್ಲ. ನೋಟ್‌ಬುಕ್ಕಿನ ಎಡಪುಟದಲ್ಲಿ ನಡೆದದ್ದನ್ನಷ್ಟೇ, ಬಲಪುಟದಲ್ಲಿ ಅದಕ್ಕೆ ಮನಸ್ಸು ಕೊಟ್ಟ ತೀರ್ಪನ್ನು ಬರೆಯಲು ಹೇಳಿದೆ. ಎಡಕ್ಕೆ ಮೂರು ಸಾಲು ಬಂತು: ಅಕ್ಕ ಎದೆ ಉರಿ ಅಂದಳು, ನಾನು ಮಾತ್ರೆ ಹೇಳಿದೆ, ರಾತ್ರಿ ಹೋದಳು. ಬಲಕ್ಕೆ ಒಂದೇ ಸಾಲು: ನಾನೇ ಕೊಂದೆ. ಎರಡೂ ಪುಟಗಳನ್ನು ಜೋರಾಗಿ ಓದಿಸಿದೆ. ಬಲಪುಟದ ಮಾತು ಎಡಪುಟದಲ್ಲಿ ಎಲ್ಲಿದೆ ಎಂದು ಹುಡುಕುತ್ತ ಬಹಳ ಹೊತ್ತು ಕೂತರು.

ಆ ಸಂಜೆ ಅವರಿಗೆ ಗೊತ್ತಿದ್ದದ್ದೇನು ಎಂಬುದರ ಮೇಲೆ ಹೆಚ್ಚು ಸಮಯ ಕೊಟ್ಟೆವು. ಹೆಂಗಸರಲ್ಲಿ ಹೃದಯಾಘಾತ ಎಷ್ಟೋ ಸಲ ಎದೆ ಉರಿ, ಸುಸ್ತು, ಏದುಸಿರಿನ ರೂಪದಲ್ಲಿ ಬರುತ್ತದೆ, ವೈದ್ಯರಿಗೂ ತಪ್ಪಿಹೋಗುವುದುಂಟು. ರೋಮಿನ ವಾಗ್ಮಿ ಸಿಸೆರೋ ಸ್ಟೋಯಿಕರ ಪರವಾಗಿ ಕೊಡುವ ಬಿಲ್ಲುಗಾರನ ಉದಾಹರಣೆಯನ್ನು ಇಲ್ಲಿ ಹೇಳಿದೆ: ನೇರವಾಗಿ ಗುರಿಯಿಡಲು ತನ್ನಿಂದಾದುದನ್ನೆಲ್ಲ ಮಾಡುವುದು ಅವನ ಕೆಲಸ, ಬಾಣ ತಾಗುವುದು ಅವನ ವಶದಲ್ಲಿಲ್ಲ. "ಆದ್ರೂ ಆಸ್ಪತ್ರೆಗೆ ಹೋಗು ಅನ್ನಬಹುದಿತ್ತು" ಎಂದರು. ಹೌದು, ಅನ್ನಬಹುದಿತ್ತು. ಅದನ್ನು ಅಳಿಸಲು ನಾನು ಯತ್ನಿಸಲಿಲ್ಲ. ಸೆನೆಕಾ ರಾತ್ರಿ ದೀಪ ಆರಿಸಿದ ಮೇಲೆ ತನ್ನ ದಿನವನ್ನು ತಾನೇ ವಿಚಾರಣೆಗೆ ಹಚ್ಚುತ್ತಿದ್ದ. ಕೊನೆಗೆ, ಇನ್ನೊಮ್ಮೆ ಹೀಗೆ ಮಾಡಬೇಡ, ಈ ಸಲ ಕ್ಷಮಿಸಿದ್ದೇನೆ ಎಂದು ತನಗೇ ಹೇಳಿಕೊಳ್ಳುತ್ತಿದ್ದ. ಅವರ ರಾತ್ರಿಗಳಲ್ಲಿ ವಿಚಾರಣೆ ಧಾರಾಳವಾಗಿತ್ತು, ಕ್ಷಮೆಯ ಭಾಗವೇ ಇರಲಿಲ್ಲ. ಅದನ್ನು ಸೇರಿಸಿ, ಮಲಗುವ ಹೊತ್ತಿಗಲ್ಲ, ಊಟಕ್ಕೆ ಮುಂಚೆ ಹತ್ತು ನಿಮಿಷ ಮಾಡಲು ಹೇಳಿದೆ.

ಒಂದು ಅಭ್ಯಾಸವನ್ನು ಪೂರ್ತಿ ನಿಲ್ಲಿಸಿದೆ. ಮಗುವಿಗೆ ಮುತ್ತಿಡುವಾಗ ಅದು ಮರ್ತ್ಯವೆಂದು ನೆನಪಿಟ್ಟುಕೊ ಎಂಬ ಎಪಿಕ್ಟೆಟಸ್‌ನ ಮಾತನ್ನು ಓದಿ, ಅವರು ರಾತ್ರಿ ಮಲಗಿದ ಮಗನನ್ನು ನೋಡುತ್ತ ಅವನ ಸಾವನ್ನು ಊಹಿಸಿಕೊಳ್ಳುತ್ತಿದ್ದರು. ಆಘಾತ ಇನ್ನೂ ಹಸಿಯಾಗಿರುವಾಗ ಇದು ಧೈರ್ಯ ಕೊಡುವುದಿಲ್ಲ, ಆತಂಕವನ್ನೇ ಬೆಳೆಸುತ್ತದೆ. ಮನಸ್ಸು ನೆಮ್ಮದಿಯಲ್ಲಿರುವವರು ಮಾಡಬಹುದಾದ ಅಭ್ಯಾಸ ಅದು.

ಸಾಯುವ ಯೋಚನೆ ಬರುತ್ತದೆಯೇ ಎಂದು ಮೊದಲ ದಿನವೇ ನೇರವಾಗಿ ಕೇಳಿದ್ದೆ. ಇರಲಿಲ್ಲ. ಇದ್ದಿದ್ದರೆ ತತ್ವದ ಮಾತು ಬದಿಗಿಟ್ಟು ಅಂದೇ ಮನೋವೈದ್ಯರ ಬಳಿ ಕಳಿಸುತ್ತಿದ್ದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಾದ ಐಸಿಡಿ-11ರ ಪ್ರಕಾರ ದೀರ್ಘಕಾಲದ ಶೋಕವನ್ನು ಕಾಯಿಲೆ ಎನ್ನಲು ಕನಿಷ್ಠ 6 ತಿಂಗಳು ಕಳೆದಿರಬೇಕು. ಅಮೆರಿಕದ ಮನೋವೈದ್ಯರ 2022ರ ಕೈಪಿಡಿಯಲ್ಲಿ ವಯಸ್ಕರಿಗೆ ಆ ಅವಧಿ 12 ತಿಂಗಳು. ಅವರದು ಕಾಯಿಲೆಯಲ್ಲ, ತಡೆಹಿಡಿದ ದುಃಖ ಎಂದೇ ನಾನು ಕಂಡೆ.

ಬಾವನ ಫೋನನ್ನು ಅವರು ತಿಂಗಳುಗಳಿಂದ ಎತ್ತಿರಲಿಲ್ಲ. ಪ್ರತಿಮೆಯಂತೆ ಭಾವಹೀನನಾಗಿರಬಾರದು, ಮಗನಾಗಿ, ಸಹೋದರನಾಗಿ, ತಂದೆಯಾಗಿ ಸಂಬಂಧಗಳನ್ನು ಕಾಪಾಡಿಕೊಳ್ಳಬೇಕು ಎಂದೂ ಎಪಿಕ್ಟೆಟಸ್ ಹೇಳಿದ್ದಾನಲ್ಲ, ಅದನ್ನು ಓದಿಸಿ, ಕರೆ ಮಾಡುವ ನಿರ್ಧಾರ ಅವರಿಗೇ ಬಿಟ್ಟೆ. ಮಾಡಿದರು. ಸಂಜೆಯ ಮಾತನ್ನು ಹೇಳಿದಾಗ ಬಾವ, "ನಾನು ಪಕ್ಕದಲ್ಲೇ ಇದ್ದೆನಮ್ಮ, ನಂಗೂ ಗ್ಯಾಸೇ ಅನಿಸ್ತು" ಎಂದರಂತೆ.

ನಿದ್ದೆ ಈಗ ಪರವಾಗಿಲ್ಲ, ಮಗನ ಮೇಲೆ ರೇಗುವುದು ಕಡಿಮೆಯಾಗಿದೆ. ಬಲಪುಟದ ಸಾಲು ಆಗಾಗ ಬರುತ್ತದೆ. ಬಂದಾಗ ಎಡಪುಟ ತೆರೆಯುತ್ತಾರೆ. ಅಕ್ಕ ಹೋಗಿ ವರ್ಷ ತುಂಬುವ ವಾರ ಎದೆಬಿಗಿತ ಮರುಕಳಿಸಬಹುದು, ಆ ದಿನಗಳಲ್ಲಿ ಒಂಟಿಯಾಗಿರಬೇಡಿ, ಅದಕ್ಕೆ ಮುಂಚೆ ಒಮ್ಮೆ ಬಂದು ಹೋಗಿ ಎಂದಿದ್ದೇನೆ.