ಅಪ್ಪನ ಕೈ ಫೋನಿನ ಕಡೆ ಹೋದಾಗ

"ಇವನಿಗೆ ಸ್ವಲ್ಪ ಕಷ್ಟ ಕೊಡೋದು ಹೇಗೆ ಅಂತ ಹೇಳಿಕೊಡಿ ಮೇಡಂ."

ಬಂದು ಕೂತ ಎರಡೇ ನಿಮಿಷಕ್ಕೆ ಆ ತಂದೆ ಕೇಳಿದ್ದು ಇದನ್ನೇ. ಮಗ ಪಕ್ಕದಲ್ಲೇ ಇದ್ದ.

ಆಪ್ತಸಲಹೆ ಕೊಡುವ ನನಗೆ ಈ ಬೇಡಿಕೆ ಹೊಸದಲ್ಲ. ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ, ಲೆಕ್ಕ ಮಾತ್ರ ಒಂದೇ. ನಾನು ಕಷ್ಟಪಟ್ಟೆ, ಅದಕ್ಕೇ ಮುಂದೆ ಬಂದೆ. ಮಗನಿಗೆ ಎಲ್ಲ ಸಲೀಸಾಗಿ ಸಿಕ್ಕಿತು, ಅದಕ್ಕೇ ಹೀಗಾದ. ಸೌಕರ್ಯ ಕಿತ್ತುಕೊಂಡರೆ ಸರಿಹೋಗುತ್ತಾನೆ. ಈ ಲೆಕ್ಕ ಎಲ್ಲಿ ತಪ್ಪುತ್ತದೆ ಅಂತ ನನಗೆ ಸ್ಪಷ್ಟವಾಗಿ ಕಂಡಿದ್ದು ಇವರಿಬ್ಬರಿಂದ. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಹುಡುಗನಿಗೆ 23 ವರ್ಷ. ಡಿಗ್ರಿ ಮುಗಿದು ಎರಡು ವರ್ಷವಾಗಿತ್ತು. ಅವನ ಹೆಸರಲ್ಲಿ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದವರು ಅಪ್ಪ. ಕಂಪನಿಯಿಂದ ಫೋನ್ ಬಂದರೆ ಇವನು ಎತ್ತುತ್ತಿರಲಿಲ್ಲ, ಅಪ್ಪನೇ ಎತ್ತಿ "ಅವನು ಹೊರಗೆ ಹೋಗಿದ್ದಾನೆ" ಅನ್ನುತ್ತಿದ್ದರು. ಬ್ಯಾಂಕಿನ ಕೆಲಸ, ವೈದ್ಯರ ಅಪಾಯಿಂಟ್‌ಮೆಂಟ್, ಕೆಟ್ಟ ಲ್ಯಾಪ್‌ಟಾಪ್ ರಿಪೇರಿ, ಎಲ್ಲಾ ಅಪ್ಪನದೇ. ಈಗ ಅಪ್ಪನಿಗೆ ಸಾಕಾಗಿತ್ತು. ಖರ್ಚಿಗೆ ದುಡ್ಡು ಕೊಡೋದು ನಿಲ್ಲಿಸಬೇಕು, ಬೈಕಿನ ಕೀ ಎತ್ತಿಡಬೇಕು, ಆರು ತಿಂಗಳು ಮನೆಯಿಂದ ಹೊರಗಿಡಬೇಕು. ಪಟ್ಟಿ ಸಿದ್ಧವಾಗಿಯೇ ಬಂದಿತ್ತು. ನಾನು ಹ್ಞೂಂ ಅನ್ನೋದೊಂದು ಬಾಕಿ.

ಅನ್ನಲಿಲ್ಲ. ಮೊದಲು ಹುಡುಗನ ನಿದ್ದೆ, ಊಟ, ಮನಸ್ಸಿನ ಸ್ಥಿತಿ, ಸಾಯುವ ಯೋಚನೆ ಏನಾದರೂ ಇದೆಯಾ, ಇದೆಲ್ಲ ವಿಚಾರಿಸಿದೆ. ಖಿನ್ನತೆಯಿಂದ ಎದ್ದೇಳಲಾಗದವನಿಗೆ ಸೋಮಾರಿ ಅಂತ ಹೆಸರಿಟ್ಟು ಮನೆಯಿಂದ ಹೊರಹಾಕಿದ್ದನ್ನು ನಾನು ಕಂಡಿದ್ದೇನೆ. ಅಂಥವರಿಗೆ ಬೇಕಾಗಿರೋದು ಮನೋವೈದ್ಯರು. ಇವನದು ಅದಾಗಿರಲಿಲ್ಲ. ಗುರುತಿಲ್ಲದವರ ಜೊತೆ ಮಾತಾಡುವುದೆಂದರೆ ವಿಪರೀತ ಭಯ, ಅಷ್ಟೇ.

ಮೂರನೇ ಭೇಟಿ. ಒಂದು ಕಂಪನಿಗೆ ಫೋನ್ ಮಾಡಿ ಸಂದರ್ಶನದ ದಿನ ಕೇಳಬೇಕಿತ್ತು. "ಫೋನ್ ಮಾಡುವಾಗ ಮೊದಲು ಏನು ಹೇಳ್ತೀರಿ?" ಅಂತ ಹುಡುಗನನ್ನು ಕೇಳಿದೆ.

ಅವನು ತಲೆ ತಗ್ಗಿಸಿದ. ಶರ್ಟಿನ ತೋಳಿನ ಗುಂಡಿಯನ್ನು ತಿರುಗಿಸತೊಡಗಿದ. ನಾನು ಕಾದೆ. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಅರ್ಧ ಸುತ್ತು ಬಂತು. ಅಪ್ಪನ ಕಾಲು ಅಲ್ಲಾಡಲು ಶುರುವಾಯಿತು. ಹುಡುಗನ ತುಟಿ ತೆರೆಯಿತು, "ನಾನು..." ಅನ್ನುವಷ್ಟರಲ್ಲಿ ಅಪ್ಪನ ಕೈ ಮೇಜಿನ ಮೇಲಿದ್ದ ಫೋನಿಗೆ ಹೋಯಿತು. "ನಂಬರ್ ನನ್ನ ಹತ್ರ ಇದೆ ಮೇಡಂ, ಈಗಲೇ ಕೇಳಿಬಿಡ್ತೀನಿ, ಒಂದು ನಿಮಿಷದ ಕೆಲಸ."

ಹುಡುಗ ಗುಂಡಿಯನ್ನು ಬಿಟ್ಟ. ಬಿಗಿಹಿಡಿದಿದ್ದ ಭುಜ ಕೆಳಗಿಳಿಯಿತು. ಅವನಿಗೆ ಹಾಯೆನಿಸಿತ್ತು. ನಾನು ನೋಡಬೇಕಾಗಿದ್ದು ಅದೇ.

ಭಯ ಬೇರೂರುವುದು ಆ ಹಾಯೆನಿಸುವ ಗಳಿಗೆಯಲ್ಲಿ. ತಪ್ಪಿಸಿಕೊಂಡೊಡನೆ ಎದೆಬಡಿತ ಇಳಿಯುತ್ತದೆ. ತಪ್ಪಿಸಿಕೊಂಡಿದ್ದಕ್ಕೇ ಉಳಿದೆ ಅಂತ ಮನಸ್ಸು ಕಲಿಯುತ್ತದೆ. ಮುಂದಿನ ಸಲ ಇನ್ನೂ ಬೇಗ ತಪ್ಪಿಸಿಕೊಳ್ಳುತ್ತದೆ. ಅಪ್ಪ ಅದಕ್ಕೆ ದಾರಿ ಮಾಡಿಕೊಡುತ್ತಿದ್ದರು, ಪ್ರೀತಿಯಿಂದಲೇ.

"ಈಗ ಅಪ್ಪ ಫೋನ್ ತಗೊಂಡಾಗ ಏನನ್ನಿಸಿತು?" ಅಂತ ಕೇಳಿದೆ.

ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, "ನಿನ್ನ ಕೈಲಿ ಆಗಲ್ಲ ಅಂತ ಅಪ್ಪ ಯಾವತ್ತೂ ಹೇಳಿಲ್ಲ ಮೇಡಂ. ಮಾಡಿಬಿಡ್ತಾರೆ. ಅದರಿಂದಲೇ ನನಗೆ ಗೊತ್ತಾಗಿದ್ದು."

ಅಪ್ಪ ಫೋನನ್ನು ಕೆಳಗಿಡಲೂ ಇಲ್ಲ, ಕಿವಿಗೆ ಹಿಡಿಯಲೂ ಇಲ್ಲ. ನಾನೂ ಮಾತಾಡಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಮುಜುಗರವಾಯಿತು. ಹಿಂದಿನ ಭೇಟಿಯಲ್ಲಿ ಅದೇ ಹುಡುಗನ ಅರ್ಧ ವಾಕ್ಯಗಳನ್ನು ನಾನೇ ಪೂರ್ತಿ ಮಾಡಿದ್ದೆ, ಎರಡೋ ಮೂರೋ ಸಲ.

ಆಮೇಲೆ ಅಪ್ಪನನ್ನು ಒಬ್ಬರನ್ನೇ ಕೂರಿಸಿ ಕೇಳಿದೆ, "ನಿಮ್ಮನ್ನು ಬೆಳೆಸಿದ ಕಷ್ಟ ಯಾವುದು?" ಚಿಕ್ಕಂದಿನಲ್ಲೇ ತಂದೆ ತೀರಿಕೊಂಡಿದ್ದು, ಸಾಲಗಾರರು ಬಾಗಿಲಿಗೆ ಬಂದು ನಿಲ್ಲುತ್ತಿದ್ದದ್ದು ಹೇಳಿದರು. "ಅದರಿಂದ ಏನು ಕಲಿತಿರಿ?" ಅಂದೆ. ಯೋಚಿಸಿದರು. "ಏನೂ ಇಲ್ಲ. ಈಗಲೂ ಯಾರಾದರೂ ಜೋರಾಗಿ ಬಾಗಿಲು ಬಡಿದರೆ ಎದೆ ಝಲ್ಲೆನ್ನುತ್ತೆ." ಹಾಗಾದರೆ ಕಲಿಸಿದ್ದು ಯಾವುದು? 16ನೇ ವಯಸ್ಸಿಗೆ ಒಂದು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ್ದರಂತೆ. ಒಂದು ಪುಟ ಮೂರು ಸಲ ತಪ್ಪಾಯಿತು. ಮಾಲೀಕರು ಬಾಗಿಲು ಹಾಕುವ ಹೊತ್ತು ಮೀರಿದರೂ ಪಕ್ಕದ ಸ್ಟೂಲಿನ ಮೇಲೆ ಕೂತೇ ಇದ್ದರು. "ಬೈಯಲಿಲ್ಲ. ಮೊಳೆಗೆ ಕೈಯನ್ನೂ ಹಾಕಲಿಲ್ಲ."

ಕಷ್ಟ ಅನ್ನುವ ಒಂದೇ ಮಾತಿನಲ್ಲಿ ಅವರು ಎರಡು ಬೇರೆ ಬೇರೆ ಸಂಗತಿಗಳನ್ನು ಇಟ್ಟುಕೊಂಡಿದ್ದರು. ಮನಶ್ಶಾಸ್ತ್ರದಲ್ಲಿ ಇದಕ್ಕೊಂದು ಹಳೆಯ ಪ್ರಯೋಗವಿದೆ. 1967ರಲ್ಲಿ ಸೆಲಿಗ್ಮನ್ ಮತ್ತು ಮೇಯರ್ ನಾಯಿಗಳ ಮೇಲೆ ಮಾಡಿದ್ದು. ಈಗ ಓದಿದರೆ ಸಂಕಟವಾಗುತ್ತದೆ. ಎರಡು ಗುಂಪಿನ ನಾಯಿಗಳಿಗೂ ಒಂದೇ ಪ್ರಮಾಣದ ವಿದ್ಯುತ್ ಶಾಕ್. ಒಂದು ಗುಂಪಿಗೆ ತಲೆಯಿಂದ ಫಲಕ ಒತ್ತಿ ಅದನ್ನು ನಿಲ್ಲಿಸಬಹುದಿತ್ತು, ಇನ್ನೊಂದಕ್ಕೆ ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಆಮೇಲೆ ಸುಲಭವಾಗಿ ಪಾರಾಗುವ ಜಾಗಕ್ಕೆ ಬಿಟ್ಟಾಗ ಮೊದಲ ಗುಂಪಿನವು ಪಾರಾದವು, ಎರಡನೆಯದರಲ್ಲಿ ಹೆಚ್ಚಿನವು ಪ್ರಯತ್ನವನ್ನೇ ಮಾಡಲಿಲ್ಲ. ನೋವು ಎರಡಕ್ಕೂ ಅಷ್ಟೇ ಇತ್ತು. ಅದೇ ಇಬ್ಬರು ಸುಮಾರು ಐವತ್ತು ವರ್ಷ ಆದಮೇಲೆ, 2016ರಲ್ಲಿ, ತಮ್ಮ ವಿವರಣೆಯನ್ನೇ ತಿದ್ದಿಕೊಂಡರು. ದೀರ್ಘ ಸಂಕಟದಲ್ಲಿ ಕೈಚೆಲ್ಲುವುದು ಕಲಿತದ್ದಲ್ಲ, ತಾನಾಗಿಯೇ ಬರುವಂಥದ್ದು. ಕಲಿಯಬೇಕಾದದ್ದು 'ನನ್ನಿಂದ ಇದನ್ನು ಬದಲಾಯಿಸಲು ಆಗುತ್ತದೆ' ಅನ್ನುವುದನ್ನು.

ಹುಡುಗನಿಗೆ ಇಲ್ಲದೇ ಹೋದದ್ದು ಆ ಫಲಕ. ಬೈಕಿನ ಕೀ ಕಿತ್ತುಕೊಂಡರೆ ಅದು ಸಿಗುತ್ತದೆಯೇ? ಇಷ್ಟು ದಿನ ಸೌಕರ್ಯವೂ ಅಪ್ಪನ ತೀರ್ಮಾನ, ಇನ್ನು ಮೇಲೆ ಕಷ್ಟವೂ ಅಪ್ಪನದೇ ತೀರ್ಮಾನ. ಹುಡುಗ ಎರಡರಲ್ಲೂ ಸುಮ್ನೆ ಕೂತಿರುವವನು.

ಹಾಗಾಗಿ ನಾನು ಕೊಟ್ಟ ಸಲಹೆ ಚಿಕ್ಕದು. ದುಡ್ಡು, ಬೈಕು, ಮನೆ ಯಾವುದಕ್ಕೂ ಕೈ ಹಾಕಬೇಡಿ. ನೀವು ಮಾಡಿಕೊಡುವ ಕೆಲಸಗಳಲ್ಲಿ ಒಂದನ್ನು ಮಾತ್ರ ಬಿಡಿ, ಯಾವುದು ಅಂತ ಅವನೇ ಹೇಳಲಿ. ದಿಢೀರ್ ಅಂತ ಬಿಡಬೇಡಿ, ಮುಂಚೆಯೇ ಹೇಳಿ: "ಇದು ನಿನಗೆ ಕಷ್ಟ ಅಂತ ನನಗೆ ಗೊತ್ತು. ನಿನ್ನ ಕೈಲಿ ಆಗುತ್ತೆ ಅಂತಲೂ ಗೊತ್ತು. ಸೋಮವಾರದಿಂದ ನಾನು ಮಾಡಲ್ಲ." ಅಷ್ಟು ಹೇಳಿ ಮನೆಯಲ್ಲೇ ಇರಿ. ಸ್ಟೂಲಿನ ಮೇಲೆ ಕೂತವರ ಹಾಗೆ.

ಹುಡುಗ ಫೋನ್ ಕರೆಯನ್ನೇ ಆರಿಸಿಕೊಂಡ. ಅವನಿಗೂ ಮೆಟ್ಟಿಲು ಹಾಕಿದೆವು. ಮೊದಲು ರೈಲಿನ ಸಮಯ ವಿಚಾರಿಸುವಂಥ, ತಪ್ಪಾದರೂ ನಷ್ಟವಿಲ್ಲದ ಕರೆ. ಆಮೇಲೆ ಕಂಪನಿಯದು.

ಇದು ತೀರಾ ಮೆತ್ತಗಾಯಿತು ಅಂತ ಪರಿಚಯದ ಸಲಹೆಗಾರರೊಬ್ಬರು ಅಂದರು. ಇರಬಹುದು. ಆದರೆ ಅಪ್ಪ ಅಮ್ಮ ತಮ್ಮ ನಡವಳಿಕೆ ಬದಲಿಸಿಕೊಂಡರೆ ಸಾಕಾಗಬಹುದು ಅನ್ನುವುದು ನನ್ನ ಕಲ್ಪನೆಯಲ್ಲ. ಯೇಲ್ ವಿಶ್ವವಿದ್ಯಾಲಯದ ಲೆಬೊವಿಟ್ಜ್ ತಂಡದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಆತಂಕದ ತೊಂದರೆಯಿದ್ದ 7ರಿಂದ 14 ವರ್ಷದ ಮಕ್ಕಳ ಮೇಲಿನದು. ಕೆಲವರಿಗೆ ನೇರವಾಗಿ ಚಿಕಿತ್ಸೆ ಕೊಟ್ಟರು, ಉಳಿದವರ ಹೆತ್ತವರಿಗೆ ಮಾತ್ರ ತರಬೇತಿ ಕೊಟ್ಟರು. ಎರಡರಲ್ಲೂ ಸಿಕ್ಕ ಫಲ ಹೆಚ್ಚುಕಮ್ಮಿ ಒಂದೇ. ನಮ್ಮ ಹುಡುಗ ಅವರಿಗಿಂತ ದೊಡ್ಡವನು, ನಿಜ. ಆದರೆ ಫೋನಿನ ಕಡೆ ಹೋಗುವ ಕೈ ಅದೇ ಅಲ್ವಾ? ಮನೆಯಿಂದ ಹೊರಹಾಕಿ ಸರಿಹೋದವರ ಕಥೆ ಎಲ್ಲರೂ ಹೇಳುತ್ತಾರೆ. ಸರಿಹೋಗದವರು ನನ್ನ ಬಳಿ ಬರುತ್ತಾರೆ, ಹಾಗಾಗಿ ನನ್ನ ಎಣಿಕೆ ಬೇರೆ.

ಆ ಸೋಮವಾರ ಏನೂ ಆಗಲಿಲ್ಲ. ಮಂಗಳವಾರವೂ ಇಲ್ಲ. ಸಂದರ್ಶನದ ದಿನ ಕಳೆದೇಹೋಯಿತು. ಅಪ್ಪ ನನಗೆ ಫೋನ್ ಮಾಡಿ, "ನಿಮ್ಮ ಮಾತು ಕೇಳಿ ಒಂದು ಕೆಲಸ ಹೋಯ್ತು" ಅಂದರು. ಹೌದು, ಹೋಯಿತು. ಆ ರಾತ್ರಿ ನನಗೂ ಸರಿಯಾಗಿ ನಿದ್ದೆ ಬರಲಿಲ್ಲ.

ಎರಡನೇ ವಾರದ ಗುರುವಾರ ಸಂಜೆ ಮತ್ತೆ ಅವರ ಫೋನ್. ದನಿ ಪಿಸುಗುಟ್ಟುತ್ತಿತ್ತು. "ಮೇಡಂ, ಈಗ ರೂಮಿನ ಬಾಗಿಲು ಹಾಕಿಕೊಂಡು ಯಾರಿಗೋ ಫೋನ್ ಮಾಡಿದ. ಎರಡು ನಿಮಿಷ ಮಾತಾಡಿದ. ಏನಂದರು ಅಂತ ಹೋಗಿ ಕೇಳಲಾ?"

"ಬೇಡ" ಅಂದೆ.

"ಸುಮ್ನೆ ಒಂದೇ ಮಾತು ಕೇಳ್ತೀನಿ."

"ಬೇಡ ಸರ್."

ಹುಡುಗ ತಾನಾಗಿಯೇ ಹೇಳಿದ್ದು ಶನಿವಾರವಂತೆ. ಆ ಕಂಪನಿಯವರು ಕೆಲಸ ಖಾಲಿ ಇಲ್ಲ ಅಂದಿದ್ದರು.