ಕೆಂಪು ಕೋಣ, ಗ್ಯಾಲರಿಯ ಗೋಡೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಅಮ್ಮನಿಗೆ ಈಗ 67. ಚಿತ್ರಕಲೆ ಕಲಿತವರಲ್ಲ. ಕಂಬಳ, ತೇರು, ಮೀನು ಮಾರ್ಕೆಟ್ಟು, ಲೋಕಲ್ ರೈಲು ಎಂದು ಮನಸ್ಸಿಗೆ ಬಂದದ್ದನ್ನೆಲ್ಲ ಗಾಢ ಬಣ್ಣಗಳಲ್ಲಿ ಬಿಡಿಸುತ್ತಾರೆ. ಮುಂಬೈಯ ಫೋರ್ಟಿನ ಒಂದು ಚಿಕ್ಕ ಖಾಸಗಿ ಗ್ಯಾಲರಿಯವರು ಜನವರಿಯಲ್ಲಿ ಪ್ರದರ್ಶನ ಮಾಡೋಣ ಎಂದಿದ್ದಾರೆ. ನೆಂಟರು ಮಾತ್ರ "ಕೋಣ ಮನೆಗಿಂತ ದೊಡ್ಡದಿದೆ, ಜನರ ಕೈ ಮೊಣಕಾಲು ದಾಟಿದೆ, ಮೊದಲು ಕ್ಲಾಸಿಗೆ ಕಳಿಸು" ಎನ್ನುತ್ತಾರೆ. ಕಳಿಸಬೇಕೇ?
– ಓದುಗರು, ಡೊಂಬಿವಲಿ

ಉತ್ತರ: ಬೇಡ. ಕಂಬಳ ನೋಡಲು ಹೋದವರ ಕಣ್ಣಿಗೆ ಕೋಣವೇ ದೊಡ್ಡದು, ಮನೆಯಲ್ಲ. ಯಾವುದು ಮುಖ್ಯವೋ ಅದು ದೊಡ್ಡದಾಗುವುದು, ದೂರದ ತೆಂಗಿನ ಗರಿಯೂ ಹತ್ತಿರದ ಗರಿಯಷ್ಟೇ ಸ್ಪಷ್ಟವಾಗಿರುವುದು, ನೆರಳು ಕಡಿಮೆ ಇದ್ದು ಬಣ್ಣ ಸಪಾಟಾಗಿರುವುದು ನಾಯೀವ್ ಎಂದು ಕರೆಯುವ ಈ ಮುಗ್ಧ ಶೈಲಿಯ ಲಕ್ಷಣಗಳೇ ಹೊರತು ದೋಷಗಳಲ್ಲ. ಪ್ಯಾರಿಸ್ಸಿನ ಸುಂಕದ ಕಚೇರಿಯಲ್ಲಿ ಕೆಲಸಕ್ಕಿದ್ದ ಆನ್ರಿ ರೂಸೋ (1844–1910) ತನ್ನ ಕಾಲದ, ಕಲಾಶಾಲೆಯಲ್ಲಿ ಪಳಗಿದ ಅಕಾಡೆಮಿ ಕಲಾವಿದರಂತೆ ಬರೆಯಬೇಕೆಂದೇ ಆಸೆಪಟ್ಟವರು. ಅದು ಆಗದೆ ಹೋದದ್ದೇ ಒಳ್ಳೆಯದಾಯಿತು. ತೀರ್ಪುಗಾರರಿಲ್ಲದ 'ಸಲೋಂ ದೇಸ್ ಆಂದೆಪಾಂದಾಂ' ಪ್ರದರ್ಶನದಲ್ಲಿ 1886ರಿಂದ ಅವರ ಚಿತ್ರಗಳು ತೂಗಿದವು. ಜನ ನಕ್ಕರು, ಆದರೂ ಅವರು ಎಲೆಗಳನ್ನು ಒಂದೊಂದಾಗಿ ಬಿಡಿಸುತ್ತಲೇ ಹೋದರು. ನಮ್ಮಲ್ಲೂ ಇಂಥವರಿದ್ದಾರೆ. ಮನೆಗೆಲಸ ಮಾಡುತ್ತಿದ್ದ ಕೆ. ಎಚ್. ಆರಾ ಹೆಚ್ಚಾಗಿ ತಾವೇ ಕಲಿತು 1947ರ ಮುಂಬೈ ಪ್ರೋಗ್ರೆಸಿವ್ ಕಲಾವಿದರ ಗುಂಪಿನ ಸ್ಥಾಪಕರಲ್ಲಿ ಒಬ್ಬರಾದರು. ಗುಜರಾತಿನ ಹಳ್ಳಿಯಲ್ಲಿ ಹುಟ್ಟಿದ ಚಿತ್ರಕಲಾವಿದೆ ಮಾಧವಿ ಪಾರೇಖ್ ಕಲಾಶಾಲೆಯಲ್ಲಿ ಕಲಿತವರಲ್ಲ.

ಅಮ್ಮನಿಗೆ ಕಲಿಸಬೇಕಾದದ್ದು ಅಂಗರಚನೆಯನ್ನಲ್ಲ; ಯಾವ ಬಣ್ಣ ಉಳಿಯುತ್ತದೆ, ಯಾವುದು ಹಾರಿಹೋಗುತ್ತದೆ ಎಂಬುದನ್ನು. ಚಿತ್ರ ಎಷ್ಟೇ ಮುಗ್ಧವಾಗಿರಲಿ, ಸಾಮಾನು ಕೊಳ್ಳುವಾಗ ಮುಗ್ಧತೆ ಬೇಡ. ಮುಂದಿನ ಪ್ರಶ್ನೆಯ ಉತ್ತರ ನಿಮಗೂ ಬೇಕಾದೀತು.

ಪ್ರಶ್ನೆ: ಅಕ್ರಿಲಿಕ್‌ನಲ್ಲಿ ಬರೆಯುತ್ತೇನೆ. ಕಿಟಕಿಯೆದುರು ತೂಗಿದ ಚಿತ್ರದಲ್ಲಿ ಗುಲಾಬಿ ಬಣ್ಣ ಮಾಸಿಹೋಯಿತು. ಹಸಿರು ಬೆರೆಸಿದರೆ ಕೆಸರಿನಂತಾಗುತ್ತದೆ. ಹಚ್ಚುವಾಗ ಇದ್ದ ಹೊಳಪು ಒಣಗಿದ ಮೇಲೆ ಇರುವುದಿಲ್ಲ.
– ಓದುಗರು, ಮುಲುಂಡ್

ಉತ್ತರ: ಮೂರಕ್ಕೂ ಕಾರಣ ಬೇರೆ ಬೇರೆ.

ಗುಲಾಬಿಯಿಂದ ಶುರುಮಾಡೋಣ. ಟ್ಯೂಬಿನ ಮೇಲಿನ ಅಂದದ ಹೆಸರು ಬಿಟ್ಟು ಸಣ್ಣ ಅಕ್ಷರದ ಪಿಗ್ಮೆಂಟ್ (ಒಳಗಿನ ಬಣ್ಣದ ಪುಡಿ) ಸಂಕೇತ ಓದಿ. ಪಿಆರ್ 83 ಎಂದಿದ್ದರೆ ಅದು ಹಳೆಯ ಅಲಿಝರಿನ್ ಕೆಂಪು. ಬಿಳಿ ಬೆರೆಸಿದಷ್ಟೂ ಬೇಗ ಮಾಸುತ್ತದೆ. ಕಣ್ಣು ಕುಕ್ಕುವ ಫ್ಲೋರೊಸೆಂಟ್ ಬಣ್ಣಗಳಂತೂ ಯಾವ ಕಂಪನಿಯದಾದರೂ ಬೆಳಕಿಗೆ ತಾಳವು. ಗುಲಾಬಿಗೆ ಪಿಆರ್ 122, ಅಂದರೆ ಕ್ವಿನಾಕ್ರಿಡೋನ್ ಮಜೆಂಟಾಕ್ಕೆ ಟೈಟಾನಿಯಂ ಬಿಳಿ ಬೆರೆಸಿ. ಕುಂಕುಮ ಕೆಂಪಿಗೆ ಪಿಆರ್ 254 ತೆಗೆದುಕೊಳ್ಳಿ. ಸಂಕೇತವನ್ನೇ ಮುದ್ರಿಸದ ಟ್ಯೂಬನ್ನು ಮಕ್ಕಳಿಗೆ ಕೊಟ್ಟುಬಿಡಿ. ಅನುಮಾನವಿದ್ದರೆ ಕಾಗದದ ಮೇಲೆ ಎಲ್ಲ ಬಣ್ಣಗಳ ಪಟ್ಟಿ ಎಳೆದು, ಅರ್ಧಭಾಗಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಬಿಸಿಲು ಬೀಳುವ ಕಿಟಕಿಗೆ ಮೂರು ತಿಂಗಳು ಅಂಟಿಸಿಡಿ. ಫಾಯಿಲ್ ಬಿಚ್ಚಿದಾಗ ಎರಡು ಅರ್ಧಗಳಲ್ಲಿ ವ್ಯತ್ಯಾಸ ಕಂಡ ಬಣ್ಣವನ್ನು ಕೈಬಿಡಿ.

ಹಸಿರು ಕೆಸರಾಗುವುದು ಅದರೊಳಗೆ ಕಾಣದ ಕೆಂಪು ಸೇರುವುದರಿಂದ. ಅಲ್ಟ್ರಾಮರೀನ್ ನೀಲಿಯಲ್ಲೂ ಅರಿಸಿನದಂಥ ಗಾಢ ಹಳದಿಯಲ್ಲೂ ಕೆಂಪಿನ ಛಾಯೆ ಇದೆ. ಎರಡೂ ಕೂಡಿದರೆ ಒಣ ಆಲಿವ್ ಬಣ್ಣ ಬರುತ್ತದೆ. ಅದರ ಬದಲು ಥ್ಯಾಲೊ ನೀಲಿಗೆ, ಅಂದರೆ ಪಿಬಿ 15:3ಕ್ಕೆ, ನಿಂಬೆ ಹಳದಿ ಪಿವೈ 3 ಬೆರೆಸಿದರೆ ಭತ್ತದ ಸಸಿಯ ಹಸಿರೇ ಬರುತ್ತದೆ. ಥ್ಯಾಲೊ ಬಹಳ ಜೋರಿನ ಬಣ್ಣ. ಹಳದಿಗೆ ನೀಲಿಯನ್ನು ಕಡಲೆಕಾಳಿನಷ್ಟೇ ಸೇರಿಸುತ್ತ ಹೋಗಿ, ನೀಲಿಗೆ ಹಳದಿಯನ್ನಲ್ಲ.

ಇನ್ನು ಹೊಳಪು. ಅಕ್ರಿಲಿಕ್‌ನ ಅಂಟು ಹಸಿಯಿದ್ದಾಗ ಹಾಲಿನಂತೆ ಬೆಳ್ಳಗೆ, ಒಣಗಿದಾಗ ಪಾರದರ್ಶಕ. ಹಾಗಾಗಿ ಬಣ್ಣ ಒಂದು ಛಾಯೆ ಗಾಢವಾಗುವುದು ಸಹಜ. ಒಂದು ಛಾಯೆ ತೆಳುವಾಗಿಯೇ ಬೆರೆಸಿ, ಚೂರು ಕ್ಯಾನ್ವಾಸಿನ ಮೇಲೆ ಒಣಗಿಸಿ ನೋಡಿ. ನೀರನ್ನು ತೀರಾ ಹೆಚ್ಚು ಬೆರೆಸಬೇಡಿ. ಬೆರೆಸಿದರೆ ಅಂಟು ಸಾಲದೆ ಬಣ್ಣ ಸುಣ್ಣದಂತೆ ಕೈಗೆ ಹತ್ತಬಹುದು. ಟ್ಯೂಬಿನ ಮೇಲಿನ ಪುಟ್ಟ ಚೌಕ ಖಾಲಿಯಿದ್ದರೆ ಅದು ಪಾರದರ್ಶಕ ಬಣ್ಣ. ಅಂಥ ಹಳದಿ, ಕೆಂಪುಗಳನ್ನು ಗಾಢ ಬಣ್ಣದ ಮೇಲೆ ಹಚ್ಚಿದರೆ ಮಂಕಾಗುತ್ತವೆ. ಮೊದಲು ಆ ಜಾಗಕ್ಕೆ ಬಿಳಿ ಹಚ್ಚಿ ಒಣಗಿಸಿ, ಮೇಲೆ ತೆಳುವಾಗಿ ಎರಡು ಮೂರು ಲೇಪ ಕೊಡಿ, ನಡುವೆ ಅರ್ಧ ಗಂಟೆ ಬಿಡಿ. ಒಂದೇ ಏಟಿಗೆ ದಪ್ಪಗೆ ಬಳಿದರೆ ಬ್ರಷ್ಷಿನ ಗೆರೆ ಉಳಿದು ಸಪಾಟು ಹೋಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಕ್ಯಾನ್ವಾಸಿನ ಹಿಂದೆ ಬೂಸ್ಟು ಬಂತು, ಬಟ್ಟೆಯೂ ಸಡಿಲವಾಯಿತು. ಒಂದಕ್ಕೊಂದು ಒರಗಿಸಿಟ್ಟ ಎರಡು ಚಿತ್ರಗಳು ಅಂಟಿಕೊಂಡವು!
– ಓದುಗರು, ನವಿ ಮುಂಬೈ

ಉತ್ತರ: ಅಂಟಿಕೊಂಡವನ್ನು ಎಳೆಯಬೇಡಿ. ಏಸಿ ಕೋಣೆಯಲ್ಲಿ ಕೆಲವು ಗಂಟೆ ತಣ್ಣಗಾಗಲು ಬಿಟ್ಟು, ಒಂದು ಮೂಲೆಯಿಂದ ನಿಧಾನವಾಗಿ ಬಿಡಿಸಿ. ಅಕ್ರಿಲಿಕ್ ಪದರ ಒಣಗಿದ ಮೇಲೂ ನಮ್ಮ ಸೆಖೆಗೆ ಮೆತ್ತಗಾಗುತ್ತದೆ, ಒತ್ತಿದ್ದಕ್ಕೆ ಅಂಟುತ್ತದೆ. ಬಬಲ್ ರ‍್ಯಾಪನ್ನು ನೇರ ಸುತ್ತಿದರೆ ಗುಳ್ಳೆಗಳ ಅಚ್ಚು ಚಿತ್ರದ ಮೇಲೆ ಮೂಡುವುದೂ ಇದರಿಂದಲೇ, ಆ ಅಚ್ಚು ಹೋಗುವುದಿಲ್ಲ. ಮೊದಲು ಸಿಲಿಕಾನ್ ಲೇಪದ ಬೇಕಿಂಗ್ ಕಾಗದ ಹೊದಿಸಿ, ಮೇಲೆ ಗುಳ್ಳೆಗಳು ಹೊರಮುಖವಾಗಿರುವಂತೆ ಬಬಲ್ ರ‍್ಯಾಪ್ ಸುತ್ತಿ, ನಾಲ್ಕು ಮೂಲೆಗೂ ರಟ್ಟು ಕಟ್ಟಿ. ಸಾಗಿಸಲು ಚಿಕ್ಕ ಟೆಂಪೊ ಮಾಡಿಕೊಳ್ಳುವುದು ವಾಸಿ. ಬೆಳಿಗ್ಗೆ ಎಂಟೂವರೆಯ ಫಾಸ್ಟ್ ಲೋಕಲ್ಲಿನಲ್ಲಿ ಮನುಷ್ಯರ ಅಚ್ಚೇ ಒಬ್ಬರ ಮೇಲೊಬ್ಬರದು ಮೂಡುತ್ತದೆ.

ಬೂಸ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಹರಡುತ್ತದೆ. ಮಾಸ್ಕ್ ಹಾಕಿಕೊಂಡು, ಬಾಲ್ಕನಿಯಲ್ಲಿ, ಮೃದುವಾದ ಒಣ ಬ್ರಷ್ಷಿನಿಂದ ತೆಗೆಯಿರಿ. ಹೊರಗೋಡೆಗೆ ಚಿತ್ರ ತೂಗಲೇಬೇಡಿ. ಬೇರೆ ಗೋಡೆಯಲ್ಲೂ ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಕಾರ್ಕ್ ಅಂಟಿಸಿ, ಗಾಳಿಯಾಡಲು ಅರ್ಧ ಇಂಚು ಬಿಡಿ. ಹಿಂಬದಿಯನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿದರೆ ತೇವ ಒಳಗೇ ಉಳಿಯುತ್ತದೆ. ಸಡಿಲವಾದ ಬಟ್ಟೆಯನ್ನು ಮಳೆಗಾಲದಲ್ಲೇ ಹಿಂದಿನ ಚೌಕಟ್ಟಿನ ಮೂಲೆಗಳಿಗೆ ಬೆಣೆ ಹೊಡೆದು ಬಿಗಿಮಾಡುವುದು ಅವಸರದ ಕೆಲಸ. ನವೆಂಬರ್ ಬಂದು ಗಾಳಿ ಒಣಗಿದಾಗ ಅದು ತಾನಾಗಿ ಬಿಗಿಯುತ್ತದೆ, ಆಗಲೂ ಜೋತಿದ್ದರೆ ಮಾತ್ರ ಬೆಣೆ. ವಾರ್ನಿಷನ್ನೂ ಒಣ ದಿನಗಳಿಗೇ ಇಟ್ಟುಕೊಳ್ಳಿ, ಜುಲೈಯ ಗಾಳಿಯಲ್ಲಿ ಹಚ್ಚಿದರೆ ಹಾಲುಬಿಳಿ ಮಬ್ಬು ಕವಿಯುತ್ತದೆ.

ಪ್ರಶ್ನೆ: ಮಾರಿಯೊ ಮಿರಾಂಡಾ ಕೂಡ ಕಲಾಶಾಲೆಗೆ ಹೋದವರಲ್ಲವಂತೆ. ಅವರದ್ದೂ ಇದೇ ಶೈಲಿಯೇ? ವಾರ್ಲಿ ಚಿತ್ರಗಳು?
– ಓದುಗರು, ವಾಸ್ಕೊ

ಉತ್ತರ: ಎರಡೂ ಅಲ್ಲ. ಮಾರಿಯೊ ಅವರದು ಸ್ವಂತ ಕಲಿಕೆ ನಿಜ. ಆದರೆ ಅದು ಪಳಗಿದ ವ್ಯಂಗ್ಯಚಿತ್ರಕಾರನ ಗೆರೆ. ಪ್ರತಿ ಉತ್ಪ್ರೇಕ್ಷೆಯೂ ಲೆಕ್ಕಹಾಕಿದ್ದು. ಮಹಾರಾಷ್ಟ್ರದ ವಾರ್ಲಿ ಬುಡಕಟ್ಟಿನ ಗೋಡೆಚಿತ್ರಗಳಲ್ಲಿ ಸಮುದಾಯದ ನಿಯಮಗಳಿವೆ. ಪದ್ಮಶ್ರೀ ಪಡೆದ ಜಿವ್ಯಾ ಸೋಮಾ ಮಾಶೆ ಆ ನಿಯಮಗಳನ್ನು ಬಲ್ಲವರಾಗಿದ್ದೇ ಅದನ್ನು ಗೋಡೆಯಿಂದ ಕಾಗದಕ್ಕೆ ತಂದರು. ನಮ್ಮ ಮಲೆನಾಡಿನ ಹಸೆ ಚಿತ್ತಾರವೂ ಹಾಗೆಯೇ. ಮುಗ್ಧ ಚಿತ್ರಕಾರರಿಗೆ ಹಿಂದೆ ಗುರುವೂ ಇಲ್ಲ, ಪರಂಪರೆಯೂ ಇಲ್ಲ.

ಪ್ರಶ್ನೆ: ಅತ್ತೆಯವರ 32 ಚಿತ್ರಗಳಿವೆ, ಹೆಚ್ಚಿನವು 24 ಇಂಚು ಅಗಲ, 30 ಇಂಚು ಎತ್ತರ. ಗ್ಯಾಲರಿಯಲ್ಲಿ 20 ಅಡಿಯ ಎರಡು ಗೋಡೆ, 10 ಅಡಿಯದೊಂದು. ಎಲ್ಲವನ್ನೂ ಹಾಕಲು ಅವರಿಗೆ ಆಸೆ.
– ಓದುಗರು, ಠಾಣೆ

ಉತ್ತರ: ಹನ್ನೆರಡು ಹಾಕಿ. ಇಪ್ಪತ್ತು ಅಡಿಯೆಂದರೆ 240 ಇಂಚು. ಐದು ಚಿತ್ರ 120 ಇಂಚು ತಿನ್ನುತ್ತವೆ, ಉಳಿದ 120ನ್ನು ಆರು ಸಂದುಗಳಿಗೆ ಹಂಚಿದರೆ ತಲಾ 20 ಇಂಚು. ಚಿಕ್ಕ ಗೋಡೆಗೆ ಎರಡು ಚಿತ್ರ, 24 ಇಂಚಿನ ಮೂರು ಸಂದು. ಮಂದ ಬಣ್ಣದ ಚಿತ್ರಗಳನ್ನು ಇನ್ನೂ ಹತ್ತಿರ ತೂಗಬಹುದಿತ್ತು. ಇಷ್ಟು ಬಣ್ಣದವು ಒತ್ತೊತ್ತಾಗಿದ್ದರೆ ಒಂದರ ಕೆಂಪು ಇನ್ನೊಂದರ ಹಸಿರನ್ನು ನುಂಗುತ್ತದೆ. ಮಿಕ್ಕವನ್ನು ಒಳಕೋಣೆಯಲ್ಲಿಡಿ, ಒಂದು ಮಾರಾಟವಾದರೆ ಆ ಜಾಗಕ್ಕೆ ಇನ್ನೊಂದು. ಅತ್ತೆಯವರಿಗೆ ಹಾಗೆಯೇ ಹೇಳಿ, ಒಪ್ಪಿಯಾರು.

ಚಿತ್ರದ ನಡುಭಾಗ ನೆಲದಿಂದ 58 ಇಂಚಿಗೆ ಬರಲಿ. ಮೊಳೆಯ ಎತ್ತರಕ್ಕೆ ಲೆಕ್ಕ ಹೀಗೆ: 58ಕ್ಕೆ ಚಿತ್ರದ ಅರ್ಧ ಎತ್ತರ 15 ಕೂಡಿಸಿ, ತಂತಿಯನ್ನು ಬಿಗಿಯಾಗಿ ಮೇಲೆತ್ತಿದಾಗ ಅದು ಫ್ರೇಮಿನ ಮೇಲಂಚಿಗಿಂತ ಎಷ್ಟು ಕೆಳಗಿದೆಯೋ ಅಷ್ಟನ್ನು ಕಳೆಯಿರಿ. ನಾಲ್ಕು ಇಂಚಿದ್ದರೆ ಮೊಳೆ 69 ಇಂಚಿಗೆ. ದೀಪ 3000ದಿಂದ 4000 ಕೆಲ್ವಿನ್ (ಬೆಳಕಿನ ಛಾಯೆಯ ಅಳತೆ) ನಡುವೆ, ಬಣ್ಣವನ್ನು ಇದ್ದಂತೆ ತೋರಿಸುವ ಗುಣದ ಅಂಕ ಸಿಆರ್‌ಐ 90ಕ್ಕೆ ಕಡಿಮೆಯಿಲ್ಲದ್ದು. ಅಗ್ಗದ ಎಲ್‌ಇಡಿಯಲ್ಲಿ ಕೆಂಪು ಇಟ್ಟಿಗೆ ಬಣ್ಣಕ್ಕಿಳಿಯುತ್ತದೆ. ಕೆತ್ತನೆಯ ಚಿನ್ನದ ಫ್ರೇಮು ಬೇಡ, ಒಂದಿಂಚಿನ ಬಿಳಿ ಅಥವಾ ತಿಳಿ ಮರದ ಪಟ್ಟಿ ಸಾಕು.

ಪ್ರಶ್ನೆ: ಬೆಲೆ ಹೇಗೆ ಕಟ್ಟುವುದು? ಗ್ಯಾಲರಿಯವರ ಒಪ್ಪಂದದಲ್ಲಿ ಏನು ನೋಡಬೇಕು?
– ಓದುಗರು, ಪುಣೆ

ಉತ್ತರ: ಚದರ ಇಂಚಿನ ಲೆಕ್ಕ ಹಿಡಿಯಿರಿ. 24 ಇಂಟು 30ರ ಚಿತ್ರಕ್ಕೆ 720 ಚದರ ಇಂಚು. ಇಂಚಿಗೆ 25 ರೂಪಾಯಿಯಾದರೆ 18,000. ಎಲ್ಲಕ್ಕೂ ಒಂದೇ ದರ. ಪ್ರೀತಿಯ ಚಿತ್ರಕ್ಕೆ ಬೆಲೆ ಏರಿಸುವ ಬದಲು 'ಮಾರಾಟಕ್ಕಿಲ್ಲ' ಎಂದು ಬರೆದುಬಿಡಿ. ಗ್ಯಾಲರಿಯ ಕಮಿಷನ್ ಸಾಮಾನ್ಯವಾಗಿ ಶೇ. 30ರಿಂದ 50. ಮನೆಗೆ ಬಂದು ಕೇಳಿದವರಿಗೆ ಅಗ್ಗಕ್ಕೆ ಕೊಟ್ಟರೆ ಗ್ಯಾಲರಿಯವರು ಮುಂದಿನ ಸಲ ಕರೆಯರು, ಕರೆಯದಿದ್ದರೆ ತಪ್ಪೂ ಅಲ್ಲ. ಫ್ರೇಮು, ಸಾಗಾಟ, ಆಮಂತ್ರಣ ಪತ್ರಿಕೆಯ ಖರ್ಚು ಯಾರದು, ಹಣ ಎಷ್ಟು ದಿನದೊಳಗೆ, ಚಿತ್ರಕ್ಕೆ ಹಾನಿಯಾದರೆ ಯಾರು ಹೊಣೆ ಎಂಬುದು ಬರಹದಲ್ಲಿರಲಿ.

ಚಿತ್ರ ಮಾರಿದರೂ ಕೃತಿಸ್ವಾಮ್ಯ ಚಿತ್ರಕಾರರದ್ದೇ. ಕೊಂಡವರು ಅದನ್ನು ಕ್ಯಾಲೆಂಡರಿಗೆ ಅಚ್ಚು ಹಾಕಿಸುವಂತಿಲ್ಲ, ಬರೆದುಕೊಟ್ಟಿದ್ದರೆ ಮಾತು ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮಿನಂತೆ, ಮೂಲಚಿತ್ರ ಮುಂದೆ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಅದರಲ್ಲೂ ಕಲಾವಿದರಿಗೆ ಪಾಲು ಕೇಳುವ ಹಕ್ಕಿದೆ, ಗರಿಷ್ಠ ಶೇ. 10. ಕೇಳಲು ದಾಖಲೆ ಬೇಕಲ್ಲ: ಪ್ರತಿ ಚಿತ್ರದ ಫೋಟೊ, ಅಳತೆ, ವರ್ಷ, ಕೊಂಡವರ ಹೆಸರು, ಬೆಲೆ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಬಿಲ್ಲಿನ ಪ್ರತಿಯನ್ನು ಜೊತೆಗೆ ಲಗತ್ತಿಸಿ.