ಪ್ರತಿಕ್ರಿಯೆ: ನರನೋವಿನ ಮಾತ್ರೆ ಮತ್ತು ತಲೆಸುತ್ತು

ಸರ್ಪಸುತ್ತು ವಾಸಿಯಾದ ಮೇಲೂ ಉಳಿದ ನರನೋವಿಗೆ ನಿಮ್ಮ ತಾಯಿಯವರು ಪ್ರಿಗ್ಯಾಬಲಿನ್ ಸೇವಿಸುತ್ತಿದ್ದು, ತಲೆಸುತ್ತು, ಮಂಪರು ಹೆಚ್ಚಿರುವುದರಿಂದ ಮಾತ್ರೆಯನ್ನು ನಿಲ್ಲಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಒಮ್ಮೆಲೇ ನಿಲ್ಲಿಸಬೇಡಿ. ಹಾಗೆ ಮಾಡಿದರೆ ನಿದ್ರಾಹೀನತೆ, ವಾಕರಿಕೆ, ಬೆವರು, ತಳಮಳ ಕಾಣಿಸಿಕೊಳ್ಳಬಹುದು. ವೈದ್ಯರು ಹೇಳಿದಂತೆ ಕನಿಷ್ಠ 1 ವಾರದ ಅವಧಿಯಲ್ಲಿ ಪ್ರಮಾಣವನ್ನು ಹಂತಹಂತವಾಗಿ ಇಳಿಸಬೇಕಾಗುತ್ತದೆ.

ನನಗೆ ಹೆಚ್ಚು ಕಳವಳ ತಂದದ್ದು ಅವರು ಈ ಸ್ಥಿತಿಯಲ್ಲೇ ಕಾಫಿ ತೋಟದ ಕೆಲಸಕ್ಕೆ ಹೋಗುತ್ತಿರುವ ಸಂಗತಿ. ನಮ್ಮ ಕೊಡಗಿನ ಮಳೆಯಲ್ಲಿ ಪಾಚಿಗಟ್ಟಿದ ಇಳಿಜಾರಿನಲ್ಲಿ ಗಟ್ಟಿಮುಟ್ಟಾದವರೇ ಜಾರುತ್ತಾರೆ. ಆದ್ದರಿಂದ ತಲೆಸುತ್ತು ಹತೋಟಿಗೆ ಬರುವವರೆಗೆ ಅವರನ್ನು ಮರಗಸಿಗೆ (ನೆರಳಿನ ಮರಗಳ ಕೊಂಬೆ ಕಡಿಯುವುದಕ್ಕೆ), ಏಣಿ ಹತ್ತುವ ಕೆಲಸಕ್ಕೆ ಖಂಡಿತ ಕಳುಹಿಸಬೇಡಿ.

ಈ ಔಷಧ ಮೂತ್ರಪಿಂಡಗಳ ಮೂಲಕವೇ ದೇಹದಿಂದ ಹೊರಹೋಗುವುದರಿಂದ, ಅವು ದುರ್ಬಲವಾಗಿದ್ದರೆ ಸಾಮಾನ್ಯ ಪ್ರಮಾಣವೂ ಅತಿಯಾಗುತ್ತದೆ. ಮೂತ್ರಪಿಂಡಗಳು ಹೇಗೆ ಕೆಲಸ ಮಾಡುತ್ತಿವೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ, ಪ್ರಮಾಣ ತಗ್ಗಿಸಬಹುದೇ, ಹೆಚ್ಚಿನ ಭಾಗವನ್ನು ರಾತ್ರಿಗೆ ಹಾಕಬಹುದೇ ಎಂದು ವೈದ್ಯರನ್ನು ಕೇಳಿ. ಮದ್ಯ ಮತ್ತು ನಿದ್ರೆ ಮಾತ್ರೆ ಮಂಪರನ್ನು ಇನ್ನಷ್ಟು ಹೆಚ್ಚಿಸುತ್ತವೆ. ಮೆಡಿಕಲ್ ಅಂಗಡಿಯಿಂದ ನೀವೇ ತರುತ್ತಿರುವ ಡೈಕ್ಲೋಫಿನಾಕ್ ಎಂಬ ನೋವಿನ ಮಾತ್ರೆ ಇಂತಹ ನರನೋವಿಗೆ ಅಷ್ಟಾಗಿ ಉಪಯೋಗಕ್ಕೆ ಬಾರದೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಹಾನಿ ಮಾಡಬಹುದಾದ್ದರಿಂದ, ಅದರ ವಿಷಯವನ್ನೂ ವೈದ್ಯರಿಂದ ಮುಚ್ಚಿಡಬೇಡಿ. ಕಾಲು ಊದಿಕೊಂಡರೆ ಅಥವಾ ಉಸಿರಾಟ ನಿಧಾನವಾದಂತೆ ಕಂಡರೆ ಮುಂದಿನ ಭೇಟಿಗೆ ಕಾಯದೆ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕರೆದೊಯ್ಯಿರಿ.